ಏಳು ಕೆಂಪು, ಐದು ಬೂದು

ಹೊಸ ನರ್ಸಿಗೆ ಅಪ್ಪನನ್ನು ಬಿಟ್ಟರೆ ತನ್ನವರು ಅಂತ ಯಾರೂ ಇರಲಿಲ್ಲ. ಅಮ್ಮ ಹೋಗಿ ಬಹಳ ಕಾಲವಾಗಿತ್ತು. ಒಡಹುಟ್ಟಿದವರಿಲ್ಲ. ದೊಡ್ಡಪ್ಪನ ಮಕ್ಕಳು ಇದ್ದರು, ಆದರೆ ಅವರು ದಾರಿಯಲ್ಲಿ ಎದುರಾದರೆ ಮಾತ್ರ ನೆಂಟರು. ಅಪ್ಪ ಅಂಗಡಿ ಬೋರ್ಡು ಬರೆಯುವವನು. ಅರ್ಧ ಆಯುಸ್ಸು ಏಣಿಯ ಮೇಲೆ ಕಳೆದವನು. ಕೆಳಗಿಳಿದರೆ ಅವನಿಗೆ ಮಾತಿಗೆ ಜನ ಬೇಕು, ಜನ ಸಿಕ್ಕರೆ ಇಸ್ಪೀಟು ಬೇಕು. ಮಗಳಿಗೆ ಕೆಲಸ ಸಿಕ್ಕಾಗ ಅವನು ಹೇಳಿದ್ದು ಇಷ್ಟೆ: ಆಸ್ಪತ್ರೆಗೆ ನೀನು ಹೋಗು, ಆಸ್ಪತ್ರೆಯನ್ನ ಮನೆಗೆ ಕರ್ಕೊಂಡು ಬರಬೇಡ.

ಅವಳನ್ನು ಹಾಕಿದ್ದು ಗಂಡಸರ ವಾರ್ಡಿಗೆ. ಒಂದು ದೊಡ್ಡ ಹಾಲು, ಚಕ್ರವಿರುವ ಹನ್ನೆರಡು ಕಬ್ಬಿಣದ ಮಂಚ. ಬಾಗಿಲ ಬಳಿ ನರ್ಸುಗಳ ಮೇಜು. ಅಲ್ಲಿ ಕೂತು ನೋಡಿದರೆ ಮಂಚಗಳು ಮೂರು ಸಾಲು, ಸಾಲಿಗೆ ನಾಲ್ಕು. ಎಡಗಡೆ ಕಿಟಕಿಗಳು, ಬಲಗಡೆ ವರಾಂಡಕ್ಕೆ ಹೋಗುವ ಅಗಲವಾದ ಬಾಗಿಲು. ಮಂಚ ಮಂಚದ ನಡುವೆ ಒಬ್ಬರು ಓರೆಯಾಗಿ ನುಸುಳುವಷ್ಟು ಜಾಗ.

ಮೊದಲ ಬೆಳಿಗ್ಗೆ ಅವಳು ಹಾಸಿಗೆಯೊಂದರ ಚಾದರ ಬದಲಿಸಿ, ಕೈಗೆ ಸಿಕ್ಕ ಕೆಂಪು ಕಂಬಳಿ ಎಳೆದು ಮೇಲೆ ಹಾಸಿದಳು. ವಾರ್ಡಿನ ಆಯಾ ನೆಲ ಒರೆಸುತ್ತಿದ್ದವಳು ಎದ್ದು ಬಂದು ಆ ಕೆಂಪನ್ನು ತೆಗೆದು ಬೂದು ಕಂಬಳಿ ಹಾಕಿದಳು. ನರ್ಸ್ ಯಾಕೆ ಅಂತ ಕೇಳಿದಳು.

"ಸಿಸ್ಟರ್, ಸೂಜಿ ನೀವು ಹಾಕಿ. ಕಂಬಳಿ ನಾನು ಹಾಕ್ತೀನಿ."

ಆಯಾ ಆ ವಾರ್ಡಿಗೆ ಬಂದದ್ದು ಯಾವಾಗ ಅಂತ ಯಾರಿಗೂ ಗೊತ್ತಿರಲಿಲ್ಲ. ಡಾಕ್ಟರುಗಳು ಬದಲಾದರು, ದೊಡ್ಡ ಸಿಸ್ಟರುಗಳು ನಿವೃತ್ತರಾದರು, ಗೋಡೆಯ ಬಣ್ಣ ಹಸಿರು ಹೋಗಿ ಬಿಳಿಯಾಯಿತು, ಅವಳು ಹಾಗೇ ಇದ್ದಳು. ಒಳ್ಳೆಯವಳು ಅಂತ ಯಾರೂ ಹೇಳುತ್ತಿರಲಿಲ್ಲ. ರೋಗಿಗಳ ಬಿಸ್ಕತ್ತು ಕದಿಯುತ್ತಿದ್ದಳು. ಮಲ ಮೂತ್ರ ತೆಗೆಯಲು ಮುಖ ಸಿಂಡರಿಸುತ್ತಿದ್ದಳು. ಆದರೆ ಕಂಬಳಿಯ ವಿಷಯದಲ್ಲಿ ಒಂದು ದಿನವೂ ತಪ್ಪುತ್ತಿರಲಿಲ್ಲ. ರೋಗಿ ಇರಲಿ, ಮಂಚ ಖಾಲಿ ಇರಲಿ, ಬೆಳಗಿನ ಕೆಲಸ ಮುಗಿಯುವ ಹೊತ್ತಿಗೆ ಹನ್ನೆರಡು ಮಂಚಕ್ಕೂ ಹನ್ನೆರಡು ಕಂಬಳಿ ಹಾಸಿರಬೇಕು, ಯಾವ ಮಂಚಕ್ಕೆ ಯಾವ ಬಣ್ಣ ಅಂತ ಅವಳೇ ಹೇಳಬೇಕು.

ಕಾಯಿದೆಯನ್ನು ಅವಳು ಕಂತು ಕಂತಾಗಿ ಹೇಳಿದಳು, ಬೇರೆ ಬೇರೆ ದಿನ, ಬೇರೆ ಏನೋ ಕೆಲಸದ ನಡುವೆ. ಪಕ್ಕದ ಮಂಚ ಅಂದರೆ ಎಡಕ್ಕೆ, ಬಲಕ್ಕೆ, ತಲೆಯ ಕಡೆ, ಕಾಲಿನ ಕಡೆ. ಮೂಲೆಗೆ ಮೂಲೆ ಲೆಕ್ಕಕ್ಕಿಲ್ಲ. ಪಕ್ಕದ ಎರಡು ಮಂಚಕ್ಕೆ ಒಂದೇ ಬಣ್ಣ ಬಿದ್ದರೆ ಅವರಿಬ್ಬರೂ ಜೊತೆ. ಜೊತೆಯಲ್ಲಿ ಒಬ್ಬ ಹೋದರೆ ಇನ್ನೊಬ್ಬನನ್ನು ಕರೆದುಕೊಂಡೇ ಹೋಗುತ್ತಾನೆ. ಆದಷ್ಟು ಜೊತೆಯೇ ಆಗಬಾರದು. ಆಗಲೇಬೇಕು ಅಂದರೆ ಒಬ್ಬನಿಗೆ ಒಂದೇ ಜೊತೆ. ಎರಡಾದರೆ ಸರಪಳಿಯಾಗುತ್ತದೆ.

ಹಿಂದೆ ಆರು ಕೆಂಪು, ಆರು ಬೂದು ಇದ್ದವಂತೆ. ಆಗ ಚದುರಂಗದ ಹಾಸಿನ ಹಾಗೆ ಒಂದು ಬಿಟ್ಟು ಒಂದು ಹಾಕಿದರೆ ಮುಗಿಯಿತು, ಯಾರಿಗೂ ಜೊತೆ ಇಲ್ಲ. ಹೋದ ವರ್ಷ ಒಂದು ಬೂದು ಕಂಬಳಿ ಹೆಣದ ಜೊತೆ ಹೊರಗೆ ಹೋದದ್ದು ತಿರುಗಿ ಬರಲಿಲ್ಲ. ಸ್ಟೋರಿನವನು ಅದರ ಬದಲಿಗೆ ಕೆಂಪು ಕೊಟ್ಟ. ಇನ್ನು ಮೇಲೆ ಬರುವ ಮಾಲೆಲ್ಲ ಕೆಂಪೇ ಅಂದ.

ನರ್ಸ್ ನಗಲಿಲ್ಲ, ನಂಬಲೂ ಇಲ್ಲ. ಪ್ರತಿ ವಾರ್ಡಿಗೂ ಇಂಥ ಒಂದು ಇರುತ್ತದೆ ಅಂತ ಅವಳಿಗೆ ತರಬೇತಿಯಲ್ಲೇ ಗೊತ್ತಿತ್ತು. ಒಂದು ಕಡೆ ಹದಿಮೂರನೆಯ ಮಂಚ ಇರುವುದಿಲ್ಲ, ಇನ್ನೊಂದು ಕಡೆ ಕತ್ತರಿ ನೆಲಕ್ಕೆ ಬಿದ್ದರೆ ಎತ್ತುವುದಿಲ್ಲ. ಹಾಗಾದರೆ ಒಂದು ಕಂಬಳಿ ಕಮ್ಮಿಯೇ ಹಾಕೋಣ ಅಂದಳು. ಆಯಾ ತಲೆ ಅಲ್ಲಾಡಿಸಿದಳು. ಕಂಬಳಿ ಇಲ್ಲದವನು ಸುತ್ತಲಿನ ಎಲ್ಲರಿಗೂ ಜೊತೆ. ಮೇಲೊಂದು ಚಾದರ ಮುಚ್ಚಿದರೆ?

"ಮೇಲೆ ಏನು ಮುಚ್ಚಿದರೂ ಅಷ್ಟೆ. ಕೆಳಗಿರೋದು ಅದಕ್ಕೆ ಗೊತ್ತಾಗುತ್ತೆ."

"ಯಾವುದಕ್ಕೆ?"

ಆಯಾ ಬಕೆಟ್ಟು ಎತ್ತಿಕೊಂಡು ಹೋದಳು.

ಚಳಿ ಜೋರಾದ ವಾರ ನಡುಸಾಲಿನ ಕಿಟಕಿ ಕಡೆಯ ಎರಡು ಮಂಚ ಖಾಲಿಯಾದವು. ಒಂದರಲ್ಲಿ ಒಬ್ಬ ಕಾವಲುಗಾರ, ಹೊಟ್ಟೆಯಲ್ಲಿ ನೀರು ತುಂಬಿ ಬಂದವನು. ಬೆಳಿಗ್ಗೆ ಹೋದ, ಹೋಗುತ್ತಾನೆ ಅಂತ ಎಲ್ಲರಿಗೂ ಗೊತ್ತಿತ್ತು. ಪಕ್ಕದವನು ತಳ್ಳುಗಾಡಿಯವನು. ಸೊಂಟ ಮುರಿದಿತ್ತು, ಅಷ್ಟೆ. ತಿಂದ, ಆಯಾಳ ಹತ್ತಿರ ಬೀಡಿ ಬೇಡಿ ಬೈಸಿಕೊಂಡ. ಮಧ್ಯಾಹ್ನ ನರ್ಸ್ ಔಷಧಿ ಕೊಡಲು ಹೋದಾಗ ಅವನು ಮಂಚದ ಒಂದು ಅಂಚಿಗೆ ಸರಿದು ಮಲಗಿದ್ದ. ಸೊಂಟ ಅಲ್ಲಾಡಿಸಬಾರದು ಅಂತ ಹೇಳಿದ್ದರೂ ಹೇಗೋ ಸರಿದಿದ್ದ. ಅರ್ಧ ಹಾಸಿಗೆ ಖಾಲಿ. ಬೀಳ್ತೀರಿ, ಮಧ್ಯಕ್ಕೆ ಬನ್ನಿ ಅಂದಳು. "ಇರಲಿ ಬಿಡಿ, ಜಾಗ ಬೇಕು" ಅಂದ. ಟೀ ಬರುವುದರೊಳಗೆ ಸತ್ತಿದ್ದ.

ಡಾಕ್ಟರ್ ಕಾಗದಕ್ಕೆ ಸಹಿ ಹಾಕುತ್ತಾ, ಕಾಗೆ ಕೂರೋದಕ್ಕೂ ಟೊಂಗೆ ಮುರಿಯೋದಕ್ಕೂ ಸರಿಹೋಯಿತು ಅಂದರು. ನರ್ಸ್ ಹೌದು ಅಂದಳು. ರೋಗಿಗಳು ಸಾಯುತ್ತಾರೆ, ಅದಕ್ಕೆ ಕಂಬಳಿ ಬೇಕಿಲ್ಲ. ಆದರೂ ಅವಳು ಆ ಎರಡು ಮಂಚದ ಮೇಲೆ ಹಾಸಿದ್ದ ಕಂಬಳಿ ನೋಡಿದಳು. ಎರಡೂ ಬೂದು.

ಮಧ್ಯಾಹ್ನದ ಮಾತ್ರೆ ಹಂಚಿದ ಮೇಲೆ ವಾರ್ಡು ಮಲಗುತ್ತದೆ. ಬಿಸಿಲು ಕಿಟಕಿಯಿಂದ ಬಂದು ಮಂಚದ ಕಾಲುಗಳ ಮೇಲೆ ಬೀಳುತ್ತದೆ. ಯಾರೋ ಒಬ್ಬ ಗೊರಕೆ ಹೊಡೆಯುತ್ತಾನೆ. ಅಂಥ ಹೊತ್ತಿನಲ್ಲಿ ಅವಳು ಇಂಜೆಕ್ಷನ್ ಬಾಟಲಿಯ ಮುಚ್ಚಳಗಳನ್ನು ತಟ್ಟೆಯಲ್ಲಿ ಜೋಡಿಸತೊಡಗಿದಳು. ಕೆಂಪು ರಬ್ಬರಿನವು ಏಳು, ಬೂದು ರಬ್ಬರಿನವು ಐದು. ನಂಬಿಕೆಯಿಂದಲ್ಲ, ನಿದ್ದೆ ಬಾರದಿರಲಿ ಅಂತ.

ಸುಮ್ಮನೆ ಹರಡುವುದಾದರೆ ಏಳುನೂರ ತೊಂಬತ್ತೆರಡು ಬಗೆ. ಅದು ಶಾಲೆಯ ಲೆಕ್ಕ, ಬೇಗ ಬಂತು. ಆದರೆ ಒಬ್ಬನಿಗೆ ಒಂದಕ್ಕಿಂತ ಹೆಚ್ಚು ಜೊತೆ ಇರಕೂಡದು ಅಂದಾಗ ತಟ್ಟೆ ಇಕ್ಕಟ್ಟಾಗುತ್ತಾ ಬಂತು. ಮೊದಲ ಸಾಲಿನಲ್ಲಿ ಎರಡು ಕೆಂಪು ಅಕ್ಕಪಕ್ಕ ಇಟ್ಟರೆ ಅವೆರಡಕ್ಕೂ ಜೊತೆ ಆಗಿಹೋಯಿತು. ಅವುಗಳ ಕೆಳಗೆ ಬೂದೇ ಬರಬೇಕು, ಎರಡಕ್ಕೂ. ಅಲ್ಲಿ ಮತ್ತೆ ಒಂದು ಜೊತೆ. ಅದರ ಕೆಳಗೆ ಕೆಂಪೇ. ಪಕ್ಕದ್ದು ಅದಕ್ಕೆ ವಿರುದ್ಧ, ಅದರ ಪಕ್ಕದ್ದು ಅದಕ್ಕೆ ವಿರುದ್ಧ. ಒಂದು ಕಡೆ ಒಂದು ಜೊತೆ ಇಟ್ಟರೆ ಸಾಕು, ಆಚೆ ಗೋಡೆಯವರೆಗೆ ಹೆಚ್ಚುಕಮ್ಮಿ ಎಲ್ಲವೂ ತೀರ್ಮಾನವಾಗಿಬಿಡುತ್ತದೆ. ಎರಡು ಬಣ್ಣ ಎಷ್ಟು ಬೇಕಾದರೂ ಇವೆ ಅಂದುಕೊಂಡರೂ ಇಡೀ ವಾರ್ಡಿಗೆ ಹದಿನಾಲ್ಕೇ ಬಗೆ. ಏಳು ಕೆಂಪು, ಐದು ಬೂದು ಅಂದರೆ ಎರಡೇ.

ಒಂದು: ಪ್ರತಿ ಸಾಲಿನಲ್ಲೂ ಕಿಟಕಿ ಕಡೆಯ ಎರಡು ಮಂಚ ಜೊತೆ. ಇನ್ನೊಂದು: ಪ್ರತಿ ಸಾಲಿನಲ್ಲೂ ವರಾಂಡದ ಕಡೆಯ ಎರಡು ಮಂಚ ಜೊತೆ. ಆರು ಜನ ಒಂಟಿ, ಆರು ಜನ ಜೋಡಿ. ಮೂರನೆಯ ದಾರಿ ಇಲ್ಲ. ಅವಳು ಮುಚ್ಚಳಗಳನ್ನು ಕೆಡಿಸಿ ಕೆಡಿಸಿ ನೋಡಿದಳು. ಇರಲಿಲ್ಲ.

ತಲೆ ಎತ್ತಿ ವಾರ್ಡು ನೋಡಿದಳು. ಮೊದಲ ಸಾಲು ಕಿಟಕಿಯಿಂದ ಕೆಂಪು, ಕೆಂಪು, ಬೂದು, ಕೆಂಪು. ಎರಡನೆಯದು ಬೂದು, ಬೂದು, ಕೆಂಪು, ಬೂದು. ಮೂರನೆಯದು ಮೊದಲಿನ ಹಾಗೇ. ಆಯಾ ಕಿಟಕಿ ಕಡೆಯನ್ನು ಆರಿಸಿಕೊಂಡಿದ್ದಳು. ಯಾಕೆ ಅಂತ ಕೇಳಿದಾಗ ಆಯಾ ಮುಚ್ಚುಮರೆ ಮಾಡಲಿಲ್ಲ. ಯಾರು ಎಲ್ಲಿ ಮಲಗಬೇಕು ಅಂತಲೂ ಅವಳೇ ನೋಡಿಕೊಳ್ಳುತ್ತಿದ್ದಳು. ಸಂಜೆ ನೋಡಲು ಬರುವವರು ಇರುವವರನ್ನು ವರಾಂಡದ ಕಡೆ ಹಾಕುತ್ತಿದ್ದಳು, ಯಾರೂ ಬಾರದವರನ್ನು ಕಿಟಕಿ ಕಡೆ.

"ಕೇಳೋರಿಲ್ಲದವರು ಅಲ್ವಾ" ಅಂದಳು. ಅಕ್ಕಿ ಆರಿಸುತ್ತಾ ಕಲ್ಲು ಇಲ್ಲಿಡು, ಅಕ್ಕಿ ಅಲ್ಲಿಡು ಅನ್ನುವ ಧ್ವನಿಯಲ್ಲಿ.

ಅಪ್ಪ ಬಂದದ್ದು ಅದಾದ ಕೆಲವೇ ದಿನಕ್ಕೆ. ಏಣಿಯ ಮೊಳೆ ಕಾಲಿಗೆ ಗೀರಿ, ಸಕ್ಕರೆ ಕಾಯಿಲೆಯ ಕಾಲು, ಹೇಳದೆ ಮುಚ್ಚಿಟ್ಟು, ಕೀವಾದ ಮೇಲೆ ಕುಂಟುತ್ತಾ ಬಂದ. ಜೀವಕ್ಕೆ ಅಪಾಯವಿಲ್ಲ, ಇಂಜೆಕ್ಷನ್ ಕೊಟ್ಟು ಕಟ್ಟು ಬಿಚ್ಚಿ ಕಟ್ಟುತ್ತಿದ್ದರೆ ವಾಸಿಯಾಗುತ್ತದೆ ಅಂತ ಡಾಕ್ಟರ್ ಹೇಳಿದರು. ಖಾಲಿ ಇದ್ದದ್ದು ನಡುಸಾಲಿನ ಕಿಟಕಿ ಕಡೆಯ ಎರಡು ಮಂಚ ಮಾತ್ರ. ಕಿಟಕಿಗೆ ಅಂಟಿದ್ದು ಅಪ್ಪನಿಗೆ ಸಿಕ್ಕಿತು. ಅದರ ಪಕ್ಕಕ್ಕೆ ಅದೇ ಸಂಜೆ ಕಟಿಂಗ್ ಶಾಪಿನವನೊಬ್ಬ ಬಂದ, ಕಿಡ್ನಿಯಲ್ಲಿ ಕಲ್ಲು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಬಾಯಿ ತೆರೆದವರು ಊಟ ಬರುವವರೆಗೆ ಮುಚ್ಚಲಿಲ್ಲ. ಅಪ್ಪ ಆಗಲೇ ಅವನ ಅಂಗಡಿಗೆ ಹೊಸ ಬೋರ್ಡು ಬರೆದುಕೊಡುವ ಮಾತು ಕೊಟ್ಟಿದ್ದ.

ಅಪ್ಪನಿಗೆ ಬಿದ್ದದ್ದು ಬೂದು ಕಂಬಳಿ. ಪಕ್ಕದವನಿಗೂ ಬೂದು.

ನರ್ಸ್ ಸ್ಟೋರಿಗೆ ಹೋಗಿ ಒಂದು ಬೂದು ಕಂಬಳಿ ಕೇಳಿದಳು. ಇಲ್ಲ ಅಂದ. ಪೇಟೆಯಲ್ಲಿ ಕೊಂಡು ತಂದಳು. ಮುದ್ರೆ ಇಲ್ಲದ ಬಟ್ಟೆ ವಾರ್ಡಿನೊಳಗೆ ಬರಕೂಡದು ಅಂತ ದೊಡ್ಡ ಸಿಸ್ಟರ್ ಅದನ್ನು ತೆಗೆಸಿ ಹೊರಗಿಟ್ಟರು, ಓದಿದವಳಾಗಿ ನಿನಗಿಷ್ಟು ಗೊತ್ತಾಗೋದಿಲ್ವಾ ಅಂತ ಎರಡು ಮಾತೂ ಆಡಿದರು. ಅಪ್ಪನನ್ನು ಬೇರೆ ವಾರ್ಡಿಗೆ ಹಾಕುವ ಹಾಗಿರಲಿಲ್ಲ, ಇನ್ನೊಂದು ವಾರ್ಡು ಅಂಟುರೋಗದ್ದು. ಕೊನೆಗೆ ಅವಳು ಆಯಾಳಿಗೆ ಹೇಳಿದಳು: ಜೊತೆಗಳನ್ನು ವರಾಂಡದ ಕಡೆಗೆ ಹಾಕು.

"ನಂಬಿಕೆ ಇಲ್ಲ ಅಂದಿದ್ರಿ."

"ಇಲ್ಲ. ಇಲ್ಲದ ಮೇಲೆ ಹಾಕೋಕೇನು ಕಷ್ಟ?"

"ಆ ಕಡೆಯವರಿಗೆ ಕೇಳೋರಿದಾರೆ ಸಿಸ್ಟರ್. ಬಂದು ಕೇಳ್ತಾರೆ."

"ಈ ಕಡೆಯವನಿಗೂ ಇದ್ದಾಳೆ" ಅಂದಳು ನರ್ಸ್.

ಕೆಲಸ ಬಹಳ ಇರಲಿಲ್ಲ. ಪ್ರತಿ ಸಾಲಿನ ನಡುವಿನ ಎರಡು ಮಂಚದ ಕಂಬಳಿಗಳನ್ನು ಒಂದಕ್ಕೊಂದು ಅದಲುಬದಲು ಮಾಡಿದರೆ ಆಯಿತು, ಮೂರು ಸಾಲಿಗೆ ಮೂರು ಬಾರಿ. ಆಯಾ ಮುಟ್ಟಲಿಲ್ಲ, ನರ್ಸೇ ಮಾಡಿದಳು. ಕಟಿಂಗ್ ಶಾಪಿನವನಿಗೆ ಕೆಂಪು ಬಂತು. ಅಪ್ಪ ಬೂದಿನಲ್ಲೇ ಉಳಿದ, ಸುತ್ತಲೂ ಕೆಂಪು. ವರಾಂಡದ ಕಡೆ ಮೊದಲ ಸಾಲಿನಲ್ಲಿ ಡ್ರಿಲ್ ಮೇಷ್ಟ್ರು ಒಬ್ಬರಿದ್ದರು, ಎದೆ ನೋವಿನವರು. ಅವರ ಪಕ್ಕ ಒಬ್ಬ ವೆಲ್ಡರ್, ಅಪೆಂಡಿಕ್ಸ್ ತೆಗೆಸಿಕೊಂಡ ಹುಡುಗುತನದ ಮನುಷ್ಯ, ಹೆಂಡತಿ ದಿನಾ ಬರುತ್ತಿದ್ದಳು. ಇಬ್ಬರಿಗೂ ಕೆಂಪು.

ಎಲ್ಲ ನೋಡುತ್ತಿದ್ದ ಅಪ್ಪ, "ಬಣ್ಣದ ವಿಷಯ ನನ್ನನ್ನ ಕೇಳೋದು ಬಿಟ್ಟು ನೀನೇ ಶುರು ಮಾಡಿದ್ಯಲ್ಲ ಪುಟ್ಟೀ. ಕೆಂಪಿನ ಪಕ್ಕ ಬೂದು ಹಾಕೋದು ಪಾಪ" ಅಂದ.

ಡ್ರಿಲ್ ಮೇಷ್ಟ್ರು ಹೋದದ್ದು ಒಂದು ಬೆಳಿಗ್ಗೆ, ಟೀ ಲೋಟ ಕೈಯಲ್ಲಿರುವಾಗಲೇ. ನರ್ಸ್ ಅವರ ಕಣ್ಣು ಮುಚ್ಚಿದ ತಕ್ಷಣ ಪಕ್ಕಕ್ಕೆ ತಿರುಗಿ ನೋಡಿದಳು. ವೆಲ್ಡರ್ ಎದ್ದು ಕೂತು ತಲೆ ಬಾಚಿಕೊಳ್ಳುತ್ತಿದ್ದ. ಅವತ್ತು ಅವನ ಬಿಡುಗಡೆ. ಹೊಲಿಗೆ ಒಣಗಿತ್ತು, ಜ್ವರ ಇರಲಿಲ್ಲ, ನಾಡಿ ನೆಟ್ಟಗಿತ್ತು. ಎರಡೆರಡು ಸಲ ನೋಡಿದಳು. ಮೂರನೆಯ ಸಲ ಬಂದಾಗ ಅವನು ಮಲಗಿದ್ದ, ಮಂಚದ ಅಂಚಿಗೆ ಸರಿದು, ಗೋಡೆಗೆ ಬೆನ್ನು ಹಾಕಿ. ಹಾಸಿಗೆಯ ಖಾಲಿ ಅರ್ಧವನ್ನು ಅಂಗೈಯಿಂದ ಸವರಿ ಸುಕ್ಕು ತೆಗೆಯುತ್ತಿದ್ದ. ಯಾರಿಗೆ ಜಾಗ ಅಂತ ಕೇಳಿದಳು.

"ಏನೋ ಸಿಸ್ಟರ್" ಅಂದ, ಸ್ವಲ್ಪ ನಾಚಿಕೊಂಡು. "ಒಬ್ಬನೇ ಇಷ್ಟು ಅಗಲ ಮಲಗೋದು ಸರಿ ಅನ್ನಿಸ್ಲಿಲ್ಲ."

ಹೆಂಡತಿ ಇಸ್ತ್ರಿ ಮಾಡಿದ ಶರಟು ತೆಗೆದುಕೊಂಡು ಬಂದಾಗ ಅವನ ಮೇಲೆ ಚಾದರ ಎಳೆದಾಗಿತ್ತು. ಅವಳಿಗೆ ಯಾರನ್ನು ಕೇಳಬೇಕೋ ಗೊತ್ತಾಗಲಿಲ್ಲ. ನಿನ್ನೆ ಚೆನ್ನಾಗಿದ್ರಲ್ಲ ಅಂತ ನರ್ಸನ್ನು ಕೇಳಿದಳು. ಹೌದು ಅಂದಳು ನರ್ಸ್. ಅವಳು ಸುಳ್ಳು ಹೇಳಲಿಲ್ಲ.

ಆಮೇಲೆ ನಂಬಿಕೆಯ ಮಾತು ಬರಲಿಲ್ಲ. ಆಯಾ ಕೆಣಕಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಅವಳೇ ಬಂದು, ಇವತ್ತು ಯಾವ ಕಡೆ ಅಂತ ಕೇಳಿದಳು, ಅಡುಗೆಗೆ ಏನು ತರಕಾರಿ ಅಂತ ಕೇಳುವ ಹಾಗೆ. ನರ್ಸ್ ವರಾಂಡದ ಕಡೆ ಕೈ ತೋರಿಸಿದಳು. ಆ ಎರಡು ಖಾಲಿ ಮಂಚಕ್ಕೆ ಹೊಸಬರು ಬಂದರು. ಅವರ ಹೆಂಡತಿ ಮಕ್ಕಳು ಸಂಜೆ ಬಂದು ಮಂಚದ ಸುತ್ತ ನಿಂತರು. ನರ್ಸ್ ಅವರ ಮುಖ ನೋಡದೆ ಜ್ವರ ಅಳೆದಳು. ಅಪ್ಪನ ಗಾಯ ಕೆಂಪಗೆ ಆಗಿ ಒಣಗತೊಡಗಿತ್ತು. ಇನ್ನು ನಾಲ್ಕು ದಿನ ಕಳೆದರೆ ಕಳಿಸಿಬಿಡುತ್ತೇನೆ ಅಂತ ಡಾಕ್ಟರ್ ಹೇಳಿದ್ದರು. ನಾಲ್ಕು ದಿನ ಏನೂ ಆಗದೆ ಇರುವುದು, ಅಷ್ಟೇ ಅವಳಿಗೆ ಬೇಕಾಗಿದ್ದದ್ದು. ಪಾಳಿ ಶುರುವಾದಾಗ, ಊಟಕ್ಕೆ ಹೋಗುವಾಗ, ಬಂದಾಗ, ಕಣ್ಣು ಮೂರು ಸಾಲಿನ ಮೇಲೂ ಓಡುತ್ತಿತ್ತು: ಕೆಂಪು ಬೂದು ಕೆಂಪು ಕೆಂಪು, ಬೂದು ಕೆಂಪು ಬೂದು ಬೂದು, ಕೆಂಪು ಬೂದು ಕೆಂಪು ಕೆಂಪು.

ಅವಳು ಎಲ್ಲವನ್ನೂ ಲೆಕ್ಕ ಹಾಕಿದ್ದಳು, ಅಪ್ಪನ ಕಾಲು ಎಷ್ಟು ಉದ್ದ ಅನ್ನುವುದೊಂದನ್ನು ಬಿಟ್ಟು. ಹಳೆಯ ಬೂದು ಕಂಬಳಿಗಳು ಒಗೆದು ಒಗೆದು ಕುಗ್ಗಿದ್ದವು. ಅಪ್ಪ ಎತ್ತರದ ಆಳು. ಎದೆಗೆ ಎಳೆದರೆ ಪಾದ ಹೊರಗೆ, ಪಾದ ಮುಚ್ಚಿದರೆ ಎದೆ ಹೊರಗೆ. ಪಕ್ಕದವನ ಕೆಂಪು ಕಂಬಳಿ ಉದ್ದವಿತ್ತು, ಕಟಿಂಗ್ ಶಾಪಿನವನು ಕುಳ್ಳ. ದೇವರು ಹಲ್ಲಿಲ್ಲದವನಿಗೆ ಕಡಲೆ ಕೊಟ್ಟ ಅಂತ ಅಪ್ಪ ದಿನಾ ರೇಗಿಸುತ್ತಿದ್ದ. ಮಗಳಿಗೆ ಹೇಳಿದರೆ ಬೈಯುತ್ತಾಳೆ, ಅವಳಿಗೆ ಈಚೆಗೆ ಕಂಬಳಿ ಅಂದರೆ ಏನೋ ಸಿಟ್ಟು, ಅಂತ ಅವನಿಗೆ ಗೊತ್ತಿತ್ತು.

ಆ ನಾಲ್ಕು ದಿನದಲ್ಲೊಂದು ಮಧ್ಯಾಹ್ನ ಅವಳು ಒಬ್ಬ ರೋಗಿಯನ್ನು ಎಕ್ಸ್-ರೇ ಕೋಣೆಗೆ ಕರೆದುಕೊಂಡು ಹೋಗಿದ್ದಳು. ಅಲ್ಲಿ ಸಾಲು ಉದ್ದವಿತ್ತು. ಆಯಾ ಊಟ ಮುಗಿಸಿ ಸ್ಟೂಲಿನ ಮೇಲೆ ಕೂತು ತೂಕಡಿಸುತ್ತಿದ್ದಳು. ನರ್ಸ್ ವಾಪಸು ಬಂದು ಬಾಗಿಲಲ್ಲೇ ನಿಂತಳು.

ಕಿಟಕಿಗೆ ಅಂಟಿದ ಮೂರು ಮಂಚವೂ ಕೆಂಪಾಗಿದ್ದವು. ಮುಂದೆ ಗಡಿಯಾರ ರಿಪೇರಿಯವನು, ನಡುವೆ ಅಪ್ಪ, ಹಿಂದೆ ಯಾರೂ ನೋಡಲು ಬಾರದ ಒಬ್ಬ ಕೆಮ್ಮಿನ ಮುದುಕ. ಅವುಗಳ ಪಕ್ಕದ ಮೂರು ಮಂಚವೂ ಬೂದು, ಅದಕ್ಕೆ ಅಂಟಿಕೊಂಡು ನಡುಸಾಲಿನ ಉಳಿದ ಎರಡು ಬೂದು. ಅಪ್ಪ ಗಲ್ಲದವರೆಗೆ ಕೆಂಪು ಹೊದ್ದು, ಪಾದವನ್ನೂ ಒಳಗಿಟ್ಟುಕೊಂಡು, ನಗುತ್ತಿದ್ದ.

"ಕಳ್ಳತನ ಅಲ್ಲ ಪುಟ್ಟೀ. ಆಟದಲ್ಲಿ ಗೆದ್ದಿದ್ದು. ಕೇಳು ಬೇಕಾದ್ರೆ."

ಕಟಿಂಗ್ ಶಾಪಿನವನು, ನಿಮ್ಮಪ್ಪ ಎಲೆ ಎಲ್ಲಿ ಬಚ್ಚಿಡ್ತಾರೆ ಅಂತ ನನಗಿನ್ನೂ ತಿಳಿದಿಲ್ಲ ಸಿಸ್ಟರ್ ಅಂದ. ಅವಳು ಕಂಬಳಿಯ ತುದಿ ಹಿಡಿದು ಎಳೆದಳು. ಅಪ್ಪ ಇನ್ನೊಂದು ತುದಿ ಹಿಡಿದ, ಗೆದ್ದದ್ದು ಗೆದ್ದದ್ದೇ, ಸರ್ಕಾರ ಬಂದರೂ ಬಿಡುವುದಿಲ್ಲ ಅಂತ. ಇಡೀ ವಾರ್ಡು ನೋಡುತ್ತಿತ್ತು, ಯಾರೋ ನಕ್ಕರು. ಅವಳು ಅಪ್ಪನ ಕೈ ಮೇಲೆ ಹೊಡೆದಳು. ಹುಟ್ಟಿದಾಗಿನಿಂದ ಅವಳು ಅವನನ್ನು ಹೊಡೆದಿರಲಿಲ್ಲ. ಅಪ್ಪ ಬಿಟ್ಟುಬಿಟ್ಟ.

ಆಯಾ ಎದ್ದು ಬಂದಿದ್ದಳು. ಇಬ್ಬರೂ ಸೇರಿ ಬೂದನ್ನು ಇಲ್ಲಿಗೆ, ಕೆಂಪನ್ನು ಅಲ್ಲಿಗೆ ಹಾಕಿದರು. ಸಾಲು ಸರಿಯಾಯಿತು. ನರ್ಸ್ ಉಸಿರು ಬಿಟ್ಟು, ಹಿಂದಿನ ಮಂಚದ ಕಂಬಳಿ ಒಂದು ಕಡೆ ಜಾರಿದ್ದನ್ನು ನೋಡಿ ಸರಿಮಾಡಲು ಹೋದಳು. ಕೆಮ್ಮಿನ ಮುದುಕ ಬಾಯಿ ತೆರೆದುಕೊಂಡು ಕಿಟಕಿ ಕಡೆ ನೋಡುತ್ತಿದ್ದ. ಅವನ ಕೈ ಆಗಲೇ ತಣ್ಣಗಿತ್ತು.

ಅವಳಿಗೆ ತಿಳಿಯಬೇಕಾಗಿದ್ದದ್ದು ಒಂದೇ. ಮುದುಕ ಹೋದದ್ದು ಅಪ್ಪ ಬೂದಿನಲ್ಲಿದ್ದಾಗಲೋ, ಕೆಂಪಿನಲ್ಲಿದ್ದಾಗಲೋ. ಆಟ ಮುಗಿಯುವ ಮೊದಲೇ ಹೋಗಿದ್ದರೆ ಅವರಿಬ್ಬರೂ ಜೊತೆಯಲ್ಲ. ಅವಳು ಕಟಿಂಗ್ ಶಾಪಿನವನ ಕಡೆ ಬಾಗಿ, ಈ ಅಜ್ಜ ಕೊನೆಯ ಸಲ ಕೆಮ್ಮಿದ್ದು ಯಾವಾಗ ಅಂತ ಮೆಲ್ಲಗೆ ಕೇಳಿದಳು. ಆಟದ ನಡುವೆಯಾ, ಆಮೇಲಾ?

ಅವನು ನೆನಪಿಸಿಕೊಂಡು ನಕ್ಕ. "ಆಮೇಲೆ. ನಿಮ್ಮಪ್ಪ ನನ್ನ ಕಂಬಳಿ ಹೊದ್ಕೊಂಡು, ಆಹಾ ರಾಜನ ಹಾಗಿದೆ ಅಂತಿದ್ರು, ಆ ಅಜ್ಜ ಹಿಂದಿನಿಂದ ಶುರು ಮಾಡಿದ. ನಿಲ್ಲಿಸಯ್ಯ ನಿನ್ನ ಹಾರ್ಮೋನಿಯಂ ಅಂದ್ರು ನಿಮ್ಮಪ್ಪ. ತಕ್ಷಣ ನಿಲ್ಲಿಸಿದ ಪಾಪ, ಒಳ್ಳೆ ಮನುಷ್ಯ."

ಮುಂದಿನ ಮಂಚದಿಂದ ಒಂದು ಸಣ್ಣ ಸದ್ದು ಬಂತು, ಸ್ಪ್ರಿಂಗಿನದು. ಗಡಿಯಾರ ರಿಪೇರಿಯವನು ಅಂಚಿಗೆ ಸರಿಯುತ್ತಿದ್ದ. ದಿಂಬನ್ನು ಅರ್ಧ ಆಚೆಗೆ ತಳ್ಳಿ, ಮೊಣಕಾಲು ಮಡಚಿ, ಪಕ್ಕದಲ್ಲಿ ಜಾಗ ಬಿಟ್ಟು ಮಲಗಿದ. ನರ್ಸ್ ಡಾಕ್ಟರಿಗೆ ಕೂಗಿ ಹೇಳಿದಳು. ಡಾಕ್ಟರ್ ಬಂದರು, ಎದೆ ಒತ್ತಿದರು, ಎರಡು ಇಂಜೆಕ್ಷನ್ ಚುಚ್ಚಿದರು. ಅಷ್ಟರಲ್ಲಿ ಅವಳು ಅಲ್ಲಿರಲಿಲ್ಲ.

ಅವಳು ಅಪ್ಪನ ಮಂಚದ ಚಕ್ರದ ತಡೆ ಬಿಡಿಸಿ, ತಲೆ ಕಡೆಯ ಕಂಬಿ ಹಿಡಿದು ತಳ್ಳುತ್ತಿದ್ದಳು. ಪಕ್ಕದ ಮಂಚಗಳನ್ನು ಸೊಂಟದಿಂದ ಒತ್ತಿ ಸರಿಸಿ, ಕಟಿಂಗ್ ಶಾಪಿನವನ ನೀರಿನ ಚೊಂಬು ಉರುಳಿಸಿ, ವರಾಂಡದ ಬಾಗಿಲವರೆಗೆ ತಳ್ಳಿದಳು. ಎಡ, ಬಲ, ತಲೆ, ಕಾಲು, ಯಾವ ಕಡೆಯೂ ಯಾರೂ ಇಲ್ಲದ ಜಾಗ ಬೇಕಾಗಿತ್ತು. ಆಯಾ ಬಾಗಿಲು ಪೂರ್ತಿ ತೆರೆದು ಪಕ್ಕಕ್ಕೆ ನಿಂತಳು.

"ಆವಾಗ ಜೊತೆ ಇತ್ತಲ್ಲ ಸಿಸ್ಟರ್" ಅಂದಳು. ಚುಚ್ಚಿ ಹೇಳಿದ್ದಲ್ಲ. ಹೇಳಬೇಕಾದ್ದು, ಹೇಳಿದಳು.

ವರಾಂಡದಲ್ಲಿ ಬಿಸಿಲಿತ್ತು. ಉದ್ದನೆಯ ಖಾಲಿ ನೆಲ, ಒಂದು ಮುರಿದ ಗಾಲಿಕುರ್ಚಿ, ಒಣಗಲು ಹಾಕಿದ ಚಾದರಗಳು. ನಟ್ಟನಡುವೆ ಮಂಚ ನಿಲ್ಲಿಸಿದಳು. ಅಪ್ಪನಿಗೆ ಸಂತೋಷವಾಗಿತ್ತು. ಹೊಡೆಸಿಕೊಂಡದ್ದನ್ನು ಆಗಲೇ ಮರೆತಿದ್ದ. ಮುಂದಿನ ನಿಲ್ದಾಣ ಯಾವುದು, ಇಳಿಯೋಕೆ ಬಿಡ್ತೀಯಾ, ಅಂತ ಕೇಳಿದ. ಆಸ್ಪತ್ರೆಯ ಹೊರಗಿನ ಬೋರ್ಡನ್ನು ಯಾರೋ ಬರೆಯಲು ಬಾರದವನು ಬರೆದಿದ್ದಾನೆ, ಅಕ್ಷರ ಎಲ್ಲ ಬಲಕ್ಕೆ ಬೀಳುತ್ತವೆ, ಕಾಲು ವಾಸಿಯಾದ ಮೇಲೆ ತಾನೇ ಪುಕ್ಕಟೆ ಬರೆದುಕೊಡುತ್ತೇನೆ ಅಂದ. ಅವಳು ಅವನ ಮಣಿಕಟ್ಟು ಹಿಡಿದು ನಾಡಿ ನೋಡುತ್ತಿದ್ದಳು. ನೆಟ್ಟಗಿತ್ತು.

ಮಾತಾಡುತ್ತಾ ಆಡುತ್ತಾ ಅಪ್ಪ ಸ್ವಲ್ಪ ಬಲಕ್ಕೆ ಸರಿದ. ಮತ್ತೆ ಸ್ವಲ್ಪ. ಗಾಯದ ಕಾಲನ್ನು ಕೈಯಿಂದ ಎತ್ತಿ ಅಂಚಿಗೆ ಇಟ್ಟುಕೊಂಡ.

"ಅಪ್ಪ, ಮಧ್ಯಕ್ಕೆ ಬಾ."

"ಇರಲಿ ಬಿಡೇ."

"ಯಾರಿಗೆ ಜಾಗ ಬಿಡ್ತಾ ಇದೀಯ?"

ಅಪ್ಪ ಆ ಪ್ರಶ್ನೆಯನ್ನು ಯೋಚಿಸಿದ. ಅವನ ಮುಖದಲ್ಲಿ ಭಯವಿರಲಿಲ್ಲ. ನಾಲಿಗೆ ತುದಿಗೆ ಬಂದ ಒಬ್ಬರ ಹೆಸರು ನೆನಪಾಗದೆ ಹೋದಾಗ ಇರುವಂಥದ್ದು ಏನೋ ಇತ್ತು. ಅವಳು ಚಪ್ಪಲಿ ಬಿಟ್ಟು ಮಂಚ ಹತ್ತಿದಳು. ಅವನು ಬಿಟ್ಟಿದ್ದ ಅರ್ಧದಲ್ಲಿ ಉದ್ದಕ್ಕೆ ಮಲಗಿ, ಬೇರೆ ಯಾರೂ ಬರಲು ಒಂದು ಬೆರಳಿನಷ್ಟು ಜಾಗವೂ ಉಳಿಯದ ಹಾಗೆ ಅವನಿಗೆ ಒತ್ತಿಕೊಂಡಳು. ಚಿಕ್ಕವಳಿದ್ದಾಗ ಹೀಗೇ ಒದೀತಿದ್ದೆ ಅಂದ ಅಪ್ಪ. ಅವಳು ಅವನ ಎದೆಯ ಮೇಲೆ ಕೈ ಇಟ್ಟುಕೊಂಡಿದ್ದಳು. ಅವನು ಇನ್ನೂ ಏನೋ ಹೇಳಲಿದ್ದ. ಒಂದು ಉಸಿರು ಒಳಗೆ ಹೋಯಿತು. ಅದು ಹೊರಗೆ ಬರುವುದನ್ನು ಅವಳು ಕಾದಳು. ಬೆನ್ನ ಹಿಂದೆ, ಹಾಸಿಗೆಯ ತುದಿಯಲ್ಲಿ, ಯಾರೋ ಕೂತರೆ ತಗ್ಗುವ ಹಾಗೆ ಹಾಸಿಗೆ ಸ್ವಲ್ಪ ತಗ್ಗಿತು. ಅವಳು ತಿರುಗಿ ನೋಡಲಿಲ್ಲ.

ಕಾಲಿನ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಿರಬೇಕು, ಮಂಚ ಹಿಡಿದವರಿಗೆ ಹಾಗಾಗುವುದುಂಟು ಅಂತ ಡಾಕ್ಟರ್ ಹೇಳಿದರು. ಗಡಿಯಾರ ರಿಪೇರಿಯವನದು ಹೃದಯ. ಕೆಮ್ಮಿನ ಮುದುಕನದು ವಯಸ್ಸು. ಕಟಿಂಗ್ ಶಾಪಿನವನ ಕಲ್ಲು ತಾನಾಗಿ ಹೊರಬಂತು, ಅವನು ನಡೆದುಕೊಂಡು ಮನೆಗೆ ಹೋದ.

ಆ ಚಳಿಗಾಲದಲ್ಲಿ ವಾರ್ಡಿನಿಂದ ಹೋದವರು ಏಳು ಜನ. ಕಾವಲುಗಾರ, ತಳ್ಳುಗಾಡಿಯವನು, ಡ್ರಿಲ್ ಮೇಷ್ಟ್ರು, ವೆಲ್ಡರ್, ಕೆಮ್ಮಿನ ಮುದುಕ, ಗಡಿಯಾರ ರಿಪೇರಿಯವನು, ಅಪ್ಪ. ಇವರಲ್ಲಿ ಆಯಾ ಆರಿಸಿದವರು ಇಬ್ಬರು, ನರ್ಸ್ ಆರಿಸಿದವರು ಇಬ್ಬರು, ಯಾರೂ ಆರಿಸದವರು ಮೂವರು.